ಪಾಚಿ ಬೆಳೆದರೆ ಸಾಲದು, ತೆಗೆಯಲೂಬೇಕು

"ಪಾಚಿ ಬೆಳೆಯೋದಕ್ಕೆ ಬಿಸಿಲು ಸಾಕಲ್ವಾ? ಯಂತ್ರಕ್ಕೆ ಮತ್ತೆ ಯಾಕೆ ದುಡ್ಡು?" ಪಾಚಿ ಬೆಳೆಸಿ ಕಾಲುವೆ ನೀರು ಶುದ್ಧ ಮಾಡುವ ಘಟಕಗಳ ಬಗ್ಗೆ ಅಮೆರಿಕದ ಫ್ಲಾರಿಡಾದಲ್ಲಿ ಕೌಂಟಿಗಳ, ಅಂದರೆ ಜಿಲ್ಲಾಡಳಿತಗಳ, ಬಜೆಟ್ ಸಭೆಗಳಲ್ಲಿ ಈ ಪ್ರಶ್ನೆ ಕೇಳಿ ಕೇಳಿ ಸಾಕಾಗಿದೆ. ಕೇಳುವವರು ಒಳ್ಳೆಯವರೇ. ತೆರಿಗೆ ದುಡ್ಡು ಪೋಲಾಗಬಾರದು ಅನ್ನುವ ಕಾಳಜಿ ಅವರದು. ಅದಕ್ಕೇ ಸಮಾಧಾನವಾಗಿ ಬರೆಯುತ್ತಿದ್ದೇನೆ.

ವೀರೋ ಬೀಚ್ ಹತ್ತಿರ ಇಗ್ರೆಟ್ ಮಾರ್ಷ್ ಅಂತ ಒಂದು ಘಟಕವಿದೆ. ದಿನಕ್ಕೆ 1 ಕೋಟಿ ಗ್ಯಾಲನ್, ಅಂದರೆ ಸುಮಾರು 3.8 ಕೋಟಿ ಲೀಟರ್ ಕಾಲುವೆ ನೀರು ಶುದ್ಧ ಮಾಡುವ ಲೆಕ್ಕದಲ್ಲಿ ಕಟ್ಟಿದ್ದು. ಸ್ಮಿತ್ಸೋನಿಯನ್ ಸಂಶೋಧನಾ ಸಂಸ್ಥೆಯ ವಿಜ್ಞಾನಿ ವಾಲ್ಟರ್ ಏಡಿ ರೂಪಿಸಿದ ವಿಧಾನ ಅದು. ಪಂಪು ನೀರನ್ನು ಮೇಲೆತ್ತುತ್ತದೆ. ಇಳಿಜಾರು ಹಾಸಿನ ಮೇಲೆ ನೀರು ತೆಳ್ಳಗೆ ಹರಿಯುತ್ತದೆ. ಹಾಸಿನ ಮೇಲೆ ಅಂಟಿಕೊಂಡ ಪಾಚಿ ಆ ನೀರಿನ ಸಾರಜನಕ, ರಂಜಕವನ್ನು ತಿಂದು ಬೆಳೆಯುತ್ತದೆ.

ಎಡವುವುದು ಇಲ್ಲೇ. ಪಾಚಿ ತಿಂದ ರಂಜಕ ಎಲ್ಲೂ ಹೋಗಿಲ್ಲ, ಪಾಚಿಯೊಳಗೇ ಇದೆ. ಹೊತ್ತಿಗೆ ಸರಿಯಾಗಿ ಕೊಯ್ದು ಹೊರಗೆ ಹಾಕದಿದ್ದರೆ ಪಾಚಿ ಸತ್ತು, ಕೊಳೆತು, ತಿಂದದ್ದನ್ನೆಲ್ಲ ಮತ್ತೆ ಅದೇ ನೀರಿಗೆ ಬಿಡುತ್ತದೆ. ಕಸ ಗುಡಿಸಿ ಬಾಗಿಲ ಹಿಂದೆ ಇಟ್ಟ ಹಾಗೆ. ಹಾಗಾಗಿ ಕೊಯ್ಯುವ ಯಂತ್ರ, ಪಾಚಿ ಎತ್ತುವ ಕುಂಟೆ, ಅದರ ಸರಪಳಿ, ಇವು ಇದ್ದರೂ ನಡೆಯುತ್ತೆ ಇಲ್ಲದಿದ್ದರೂ ನಡೆಯುತ್ತೆ ಅನ್ನುವಂಥವಲ್ಲ. ನೀರಿನಿಂದ ರಂಜಕ ಹೊರಗೆ ಬರುವುದೇ ಇವುಗಳಿಂದ.

ಒಂದು ಘಟಕದಲ್ಲಿ ಬೆಳಿಗ್ಗೆ ಆಪರೇಟರ್ ನನ್ನನ್ನು ಕುಂಟೆಯ ಹತ್ತಿರ ಕರೆದುಕೊಂಡು ಹೋದರು. ಸರಪಳಿಯ ಕೊಂಡಿಗಳು ಸವೆದು ಅರ್ಧಕ್ಕೆ ಇಳಿದಿದ್ದವು. ಒಂದು ಕೊಂಡಿಯ ಜಾಗದಲ್ಲಿ ತಂತಿ ಸುತ್ತಿದ್ದರು. ಕೆಳಗೆ ಎರಡು ವಾರದ ಪಾಚಿ ರಾಶಿ ಬಿದ್ದು ಕಂದು ಬಣ್ಣಕ್ಕೆ ತಿರುಗಿತ್ತು. ಒಂದು ಹಿಡಿ ಎತ್ತಿ ಹಿಂಡಿದೆ. ಕಂದು ನೀರು ಬೆರಳ ಸಂದಿಯಿಂದ ಸುರಿದು ನೇರ ಕಾಲುವೆಗೇ ಹೋಯಿತು. ಆ ಮನುಷ್ಯ ಮೂರು ವರ್ಷದಿಂದ ಹೊಸ ಸರಪಳಿ ಕೇಳುತ್ತಿದ್ದರು. ನನಗೆ ಅವರ ಮುಖ ನೋಡಲಾಗಲಿಲ್ಲ.

ಆ ಕಾಲುವೆಗಳು ಸೇರುವುದು ಸಮುದ್ರದಂಚಿನ ಇಂಡಿಯನ್ ರಿವರ್ ಹಿನ್ನೀರನ್ನು. ಸಾರಜನಕ, ರಂಜಕ ಹೆಚ್ಚಾದರೆ ಅಲ್ಲೂ ಪಾಚಿ ಹಬ್ಬುತ್ತದೆ. 2011ರಲ್ಲಿ ಅಲ್ಲಿ ಪಾಚಿ ವಿಪರೀತ ಹಬ್ಬಿ, ಬಿಸಿಲು ಸಿಗದೆ ತಳದ ಹುಲ್ಲು ಸತ್ತಿತು. 2021ರಲ್ಲಿ ಫ್ಲಾರಿಡಾದಲ್ಲಿ 1,100ಕ್ಕೂ ಜಾಸ್ತಿ ಮ್ಯಾನಟಿಗಳು, ನಮ್ಮ ಮಾತಲ್ಲಿ ಕಡಲಹಸುಗಳು, ಸತ್ತವು. ಈ ಹಿನ್ನೀರಲ್ಲಿ ಎಷ್ಟೋ ಸತ್ತದ್ದು ಮೇಯಲು ಹುಲ್ಲಿಲ್ಲದೆ.

ಇನ್ನು ದುಡ್ಡಿನ ಮಾತು. ಶುದ್ಧ ನೀರಿಗೆಂದು ರಾಜ್ಯದ ಮೂಲಕ ಸಿಗುವ ಕಡಿಮೆ ಬಡ್ಡಿಯ ಸಾಲ ದಿನನಿತ್ಯದ ನಿರ್ವಹಣೆಗೆ ಸಿಗುವುದಿಲ್ಲ. ಹಳೆ ಪಂಪು ತೆಗೆದು ಹೊಸದು ಹಾಕುವುದು ಬಂಡವಾಳ ವೆಚ್ಚವಾಗಿ ಅದರಲ್ಲಿ ಸೇರಬಹುದು. ನಿಮ್ಮ ಊರಿನ ನಿಯಮ ನೋಡದೆ ನಾನು ಖಚಿತವಾಗಿ ಹೇಳಲಾರೆ, ನಿಮ್ಮ ಎಂಜಿನಿಯರನ್ನೂ ಲೆಕ್ಕಪತ್ರದವರನ್ನೂ ಒಟ್ಟಿಗೆ ಕೂರಿಸಿ ಕೇಳಿ. ಸಾಲ ಸಿಗಲಿ ಬಿಡಲಿ, ಪ್ರತಿ ವರ್ಷ ಸ್ವಲ್ಪ ತೆಗೆದಿಡಲೇಬೇಕು. ಪಂಪಿಗೆ 60,000 ಡಾಲರ್, ಆಯಸ್ಸು 15 ವರ್ಷ ಅಂದುಕೊಳ್ಳಿ. ವರ್ಷಕ್ಕೆ 4,000 ಡಾಲರ್. ಬೆಲೆ ಏರಿಕೆಗೆ ಇನ್ನಷ್ಟು ಸೇರಿಸಿ. ಮಳೆನೀರಿನ ನಿರ್ವಹಣೆಗೆಂದು ಜನರಿಂದ ಪಡೆಯುವ ಶುಲ್ಕದಲ್ಲಿ ಇದಕ್ಕೇ ಅಂತ ಬೇರೆ ಖಾತೆ ಇರಲಿ. ಇಲ್ಲದಿದ್ದರೆ ರಸ್ತೆ ಗುಂಡಿಗೆ ಖರ್ಚಾಗಿ ಹೋಗುತ್ತದೆ.

ಅಕ್ಟೋಬರ್ 1ಕ್ಕೆ ಇಲ್ಲಿ ಹೊಸ ಬಜೆಟ್ ವರ್ಷ ಶುರು. ಬೇಸಿಗೆಯ ಸಭೆಗೆ ಹೋಗುವ ಮೊದಲು ಒಂದು ಬೆಳಿಗ್ಗೆ ಘಟಕಕ್ಕೆ ಹೋಗಿ, ಆಪರೇಟರನ್ನು ಕರೆದು, ಸರಪಳಿ ತೋರಿಸಿ ಅನ್ನಿ.