ನ್ಯಾನ್ಸಿ ಮಿಟ್‌ಫರ್ಡ್ ಮತ್ತೆ ಅಚ್ಚು ಹಾಕಿಸದ ಕಾದಂಬರಿ

1951ರ ಹೊತ್ತಿಗೆ ನ್ಯಾನ್ಸಿ ಮಿಟ್‌ಫರ್ಡ್ ಇಂಗ್ಲೆಂಡಿನ ಹೆಸರಾಂತ ಕಾದಂಬರಿಗಾರ್ತಿ. ಆದರೂ 1935ರ ತಮ್ಮ 'ವಿಗ್ಸ್ ಆನ್ ದಿ ಗ್ರೀನ್' ಮತ್ತೆ ಅಚ್ಚಾಗುವುದು ಬೇಡ ಎಂದರು. ನಾಜಿಗಳ ಬಗ್ಗೆ ಇನ್ನು ತಮಾಷೆ ಮಾಡುವುದು ಸಲ್ಲದು ಎಂಬುದು ಅವರ ನಿಲುವು.

ಇದು ಅರ್ಥವಾಗಬೇಕಾದರೆ ಅವರ ಮನೆಯ ಕಥೆ ಗೊತ್ತಿರಬೇಕು. ಆರು ಜನ ಅಕ್ಕತಂಗಿಯರು, ಒಬ್ಬ ತಮ್ಮ. 1904ರಲ್ಲಿ ಹುಟ್ಟಿದ ನ್ಯಾನ್ಸಿಯೇ ಹಿರಿಯರು. ತಂಗಿ ಡಯಾನಾ ಗಂಡನನ್ನು ಬಿಟ್ಟು ಆಸ್ವಾಲ್ಡ್ ಮೋಸ್ಲಿ ಜೊತೆ ನಿಂತರು. 1932ರಲ್ಲಿ ಬ್ರಿಟಿಷ್ ಫ್ಯಾಸಿಸ್ಟರ ಪಕ್ಷ ಕಟ್ಟಿದವನು ಈ ಮೋಸ್ಲಿ. ಇನ್ನೊಬ್ಬ ತಂಗಿ ಯೂನಿಟಿ ಮ್ಯೂನಿಕ್‌ಗೆ ಹೋಗಿ ಹಿಟ್ಲರನ ಬಳಗ ಸೇರಿದರು. ಜೆಸ್ಸಿಕಾ ಕಮ್ಯುನಿಸ್ಟ್ ಆದರು. ನ್ಯಾನ್ಸಿ ಕೂಡ ಸ್ವಲ್ಪ ಕಾಲ ಗಂಡನ ಜೊತೆ ಮೋಸ್ಲಿಯ ಸಭೆಗಳಿಗೆ ಹೋಗಿದ್ದರು. ಆಮೇಲೆ ಅದೇ ಗುಂಪನ್ನು ಗೇಲಿ ಮಾಡಿ ಕಾದಂಬರಿ ಬರೆದರು.

ಅದರಲ್ಲಿ ಯುಜೀನಿಯಾ ಎಂಬ ಶ್ರೀಮಂತರ ಮನೆ ಹುಡುಗಿ ಹಳ್ಳಿಯ ಬಯಲಲ್ಲಿ ಫ್ಯಾಸಿಸ್ಟ್ ಭಾಷಣ ಬಿಗಿಯುತ್ತಾಳೆ. ಅದು ಯೂನಿಟಿಯೇ ಎಂದು ಹೇಳಬೇಕಾಗಿರಲಿಲ್ಲ. ಡಯಾನಾ ಸಿಟ್ಟಾದರು. ಮೋಸ್ಲಿಯನ್ನು ಅಣಕಿಸಿದ ಭಾಗವನ್ನು ನ್ಯಾನ್ಸಿ ಸಾಕಷ್ಟು ತೆಗೆದುಹಾಕಿದರು. ಆದರೂ ಮನಸ್ತಾಪ ವರ್ಷಗಟ್ಟಲೆ ಉಳಿಯಿತು.

ಮುಂದೆ ನಡೆದದ್ದರಲ್ಲಿ ನಗುವಂಥದ್ದು ಏನೂ ಇರಲಿಲ್ಲ. 1936ರಲ್ಲಿ ಡಯಾನಾ, ಮೋಸ್ಲಿ ಮದುವೆ ಬರ್ಲಿನ್‌ನಲ್ಲಿ, ಹಿಟ್ಲರನ ಪ್ರಚಾರ ಮಂತ್ರಿ ಗೊಬೆಲ್ಸ್ ಮನೆಯಲ್ಲಿ ಆಯಿತು. ಹಿಟ್ಲರನೇ ಅತಿಥಿ. 1939ರಲ್ಲಿ ಬ್ರಿಟನ್ ಯುದ್ಧ ಸಾರಿದ ದಿನ ಯೂನಿಟಿ ತಲೆಗೆ ಗುಂಡು ಹಾರಿಸಿಕೊಂಡರು. ಜೀವ ಉಳಿಯಿತು, ಆದರೆ ಮೊದಲಿನಂತಾಗಲಿಲ್ಲ. 1945ರಲ್ಲಿ ತಮ್ಮ ಟಾಮ್ ಬರ್ಮಾ ಯುದ್ಧದಲ್ಲಿ ಸತ್ತರು.

ನ್ಯಾನ್ಸಿಯೂ ಬದಲಾಗಿದ್ದರು. 1939ರಲ್ಲಿ ಫ್ರಾನ್ಸಿನ ಪೆರ್ಪಿನ್ಯಾನ್‌ನಲ್ಲಿ, ಸ್ಪೇನಿನಿಂದ ಓಡಿಬಂದ ನಿರಾಶ್ರಿತರಿಗಾಗಿ ಕೆಲಸ ಮಾಡಿ ಬಂದಿದ್ದರು. 1945ರ 'ದಿ ಪರ್ಸ್ಯೂಟ್ ಆಫ್ ಲವ್'ನಲ್ಲಿ ಮನೆಯವರ ನಗುವೂ ಇದೆ, ಆ ನಿರಾಶ್ರಿತರೂ ಇದ್ದಾರೆ. ನನ್ನ ಮಟ್ಟಿಗೆ ಅವರ ಅತಿ ಒಳ್ಳೆಯ ಪುಸ್ತಕ ಅದೇ. ಆಮೇಲೆ ಪ್ಯಾರಿಸ್ ಸೇರಿದರು. 1950ರಲ್ಲಿ ಮದಾಂ ದ ಲಾಫಯೆತ್ ಅವರ ಹಳೆಯ ಫ್ರೆಂಚ್ ಕಾದಂಬರಿಯನ್ನು ಇಂಗ್ಲಿಷಿಗೆ ತಂದರು. ಮದಾಂ ದ ಪಾಂಪದೂರ್, ವಾಲ್ಟೇರ್, 14ನೇ ಲೂಯಿ ಬಗ್ಗೆ ಜೀವನಚರಿತ್ರೆ ಬರೆದರು.

2010ರಲ್ಲಿ ಪೆಂಗ್ವಿನ್ ಪ್ರಕಾಶನ 'ವಿಗ್ಸ್ ಆನ್ ದಿ ಗ್ರೀನ್' ಕಾದಂಬರಿಯನ್ನು ಮತ್ತೆ ಹೊರತಂದಿತು. ತಂದದ್ದು ಒಳ್ಳೆಯದೇ ಆಯಿತು. ಫ್ಯಾಸಿಸ್ಟರನ್ನು ಸುಮ್ನೆ ಹುಚ್ಚಾಟ ಎಂದುಕೊಂಡಿದ್ದ ಕಾಲ ಅದರಲ್ಲಿ ಹಾಗೇ ಉಳಿದಿದೆ. ಆದರೆ ನ್ಯಾನ್ಸಿ ಬೇಡ ಎಂದದ್ದನ್ನೂ ನಾನು ತಪ್ಪು ಎನ್ನಲಾರೆ. 1940ರಲ್ಲಿ ಡಯಾನಾ ದೇಶಕ್ಕೆ ಅಪಾಯ ಎಂದು ಅಧಿಕಾರಿಗಳಿಗೆ ಹೇಳಿದವರು ಇದೇ ಅಕ್ಕ. ಡಯಾನಾ ಮೂರು ವರ್ಷಕ್ಕೂ ಜಾಸ್ತಿ ಸೆರೆಯಲ್ಲಿದ್ದರು. ಮುಂದೆ ಇಬ್ಬರೂ ಫ್ರಾನ್ಸಿನಲ್ಲಿ ನೆಲೆಸಿದರು, ಮತ್ತೆ ಹತ್ತಿರವಾದರು. ಅಕ್ಕ ಹೇಳಿದ ಆ ಮಾತು ಡಯಾನಾಗೆ ಗೊತ್ತಾಗಿದ್ದು, 1973ರಲ್ಲಿ ನ್ಯಾನ್ಸಿ ತೀರಿಕೊಂಡ ಮೇಲೆ.