ಕ್ಯೂಆರ್ ಬೋರ್ಡು ತೆಗೆದರೆ ಜಿಎಸ್‌ಟಿ ತಪ್ಪುತ್ತದೆಯೇ?

ಪ್ರಶ್ನೆ: ಕಟಪಾಡಿ ಹತ್ತಿರ ನಮ್ಮದೊಂದು ಸಣ್ಣ ಜೀನಸು ಅಂಗಡಿ. ಅಕ್ಕಿ, ಬೇಳೆ, ತೆಂಗಿನಕಾಯಿ, ತರಕಾರಿ, ಹಾಲು ಇಟ್ಟಿದ್ದೇವೆ. ಬಾಗಿಲಲ್ಲಿ ಐಸ್‌ಕ್ರೀಮ್ ಫ್ರೀಜರ್, ಗಲ್ಲಾದ ಪಕ್ಕ ಬೀಡಿ, ಸಿಗರೇಟು. ದಿನಕ್ಕೆ ಸುಮಾರು 7,000 ರೂ. ಗೂಗಲ್ ಪೇ, ಫೋನ್ ಪೇಯಲ್ಲಿ ಬರುತ್ತದೆ, 4,000 ರೂ. ನಗದು. ವರ್ಷಕ್ಕೆ 40 ಲಕ್ಷ ದಾಟುವುದಿಲ್ಲ. ಆದರೂ ಯುಪಿಐ ಇಟ್ಟುಕೊಂಡರೆ ನೋಟಿಸು ಬರುತ್ತದೆ, ಬೋರ್ಡು ತೆಗೆದುಬಿಡಿ ಅಂತ ಎಲ್ಲರೂ ಹೇಳುತ್ತಾರೆ. ತೆಗೆಯಬೇಕಾ?

ಉತ್ತರ: ಬೇಡ, ಬೋರ್ಡು ಅಲ್ಲೇ ಇರಲಿ. ನೀವು ಚಿಂತೆ ಮಾಡಬೇಕಾದ ವಿಷಯ ಆ ಫ್ರೀಜರಿನಲ್ಲೂ ಬೀಡಿ ಕಟ್ಟಿನಲ್ಲೂ ಇದೆ. ಅದಕ್ಕೆ ಆಮೇಲೆ ಬರೋಣ.

ಈ ಹೆದರಿಕೆ ಹುಟ್ಟಿದ್ದು 2025ರ ಜುಲೈಯಲ್ಲಿ. ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ 2021-22ರಿಂದ ನಾಲ್ಕು ವರ್ಷಗಳ ಯುಪಿಐ ಜಮೆಯ ವಿವರ ತರಿಸಿಕೊಂಡು, ಜಿಎಸ್‌ಟಿ ನೋಂದಣಿ ಇಲ್ಲದ ಸಣ್ಣ ವ್ಯಾಪಾರಿಗಳಿಗೆ ನೋಟಿಸು ಕಳುಹಿಸಿತು. ಹಾವೇರಿಯ ಒಬ್ಬ ತರಕಾರಿ ವ್ಯಾಪಾರಿಗೆ ನಾಲ್ಕು ವರ್ಷದ 1.63 ಕೋಟಿ ರೂ. ಜಮೆಗೆ 29 ಲಕ್ಷ ರೂ. ತೆರಿಗೆ ಕೇಳಿದ ಸುದ್ದಿ ಎಲ್ಲರಿಗೂ ನೆನಪಿದೆ. ಗುಣಿಸಿ ನೋಡಿ: 1.63 ಕೋಟಿಗೆ ಶೇ 18 ಹಾಕಿದರೆ 29 ಲಕ್ಷದ ಮೇಲೆ ಬರುತ್ತದೆ. ಖಾತೆಗೆ ಬಿದ್ದ ದುಡ್ಡನ್ನೆಲ್ಲ ಶೇ 18ರ ಸರಕು ಅಂತ ಹಿಡಿದರೆ ಸಿಗುವ ಲೆಕ್ಕ ಅದು. ತಾಜಾ ತರಕಾರಿಗೆ ಜಿಎಸ್‌ಟಿಯೇ ಇಲ್ಲ! ವ್ಯಾಪಾರಿಗಳು ಬಂದ್‌ಗೆ ಸಜ್ಜಾದ ಮೇಲೆ ಜುಲೈ 23ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ಸಭೆ ಕರೆದು, ಹಳೆ ಬಾಕಿ ವಸೂಲಿ ಮಾಡುವುದಿಲ್ಲ, ಆದರೆ ಮಿತಿ ದಾಟಿದವರು ನೋಂದಣಿ ಮಾಡಿಸಿಕೊಳ್ಳಲೇಬೇಕು ಎಂದರು. ಅಷ್ಟು ಹೊತ್ತಿಗೆ ಎಷ್ಟೋ ಅಂಗಡಿಗಳಲ್ಲಿ "ನೋ ಯುಪಿಐ, ಓನ್ಲಿ ಕ್ಯಾಶ್" ಚೀಟಿ ಅಂಟಿಸಿ ಆಗಿತ್ತು.

ಜಿಎಸ್‌ಟಿ ಬೀಳುವುದು ಮಾರಾಟದ ಮೇಲೆ. ದುಡ್ಡು ಫೋನಿನಲ್ಲಿ ಬಂತೋ ಗಲ್ಲಾಕ್ಕೆ ಬಂತೋ ಎಂಬುದನ್ನು ಕಾನೂನು ನೋಡುವುದೇ ಇಲ್ಲ. ನಗದಿನ 4,000 ರೂ. ಕೂಡ ವಹಿವಾಟೇ. ಬೋರ್ಡು ತೆಗೆದರೆ ನಿಮ್ಮ ವಹಿವಾಟು ಒಂದು ರೂಪಾಯಿಯೂ ಕಡಿಮೆಯಾಗುವುದಿಲ್ಲ, ಹಿಂದಿನ ವರ್ಷಗಳ ಜಮೆಯ ದಾಖಲೆ ಬ್ಯಾಂಕಿನಿಂದ ಅಳಿದೂ ಹೋಗುವುದಿಲ್ಲ. 2,000 ರೂ. ಮೇಲಿನ ಯುಪಿಐ ಪಾವತಿಗೆ ಜಿಎಸ್‌ಟಿ ಬರುತ್ತದೆ ಎಂಬ ಮಾತಿಗೂ ಕಿವಿಗೊಡಬೇಡಿ. ಅಂಥ ಪ್ರಸ್ತಾವವೇ ಇಲ್ಲವೆಂದು ಕೇಂದ್ರ ಹಣಕಾಸು ಸಚಿವಾಲಯ 2025ರ ಏಪ್ರಿಲ್‌ನಲ್ಲೇ ಹೇಳಿದೆ.

ಈಗ ಫ್ರೀಜರಿನ ವಿಷಯ. ವರ್ಷದ ವಹಿವಾಟು ಇಷ್ಟು ದಾಟಿದರೆ ನೋಂದಣಿ ಬೇಕು ಎನ್ನುವ 40 ಲಕ್ಷದ ಮಿತಿ 2019ರ ಏಪ್ರಿಲ್ 1ರಿಂದ ಇದೆ, ಆದರೆ ಅದು ಬರೀ ಸರಕು ಮಾರುವವರಿಗೆ ಮಾತ್ರ. ಸೇವೆ ಕೊಡುವವರಿಗೆ, ಸರಕು ಮತ್ತು ಸೇವೆ ಎರಡೂ ಇರುವವರಿಗೆ ಮಿತಿ 20 ಲಕ್ಷ. ಸರಕು ಮಾರುವವರಲ್ಲೂ ಕೆಲವು ವಸ್ತು ಇಟ್ಟವರನ್ನು 40 ಲಕ್ಷದ ಸೌಲಭ್ಯದಿಂದ ಹೊರಗಿಟ್ಟಿದ್ದಾರೆ: ಐಸ್‌ಕ್ರೀಮ್, ಪಾನ್ ಮಸಾಲ, ತಂಬಾಕು ಪದಾರ್ಥ, ಕೆಲವು ಬಗೆಯ ಇಟ್ಟಿಗೆ, ಹೆಂಚು. ತಯಾರಿಸುವವರಿಗಷ್ಟೇ ಅಂತ ಇಲ್ಲ, ಮಾರುವವರಿಗೂ ಹೀಗೆಯೇ. ನಿಮ್ಮ ಅಂಗಡಿಯಲ್ಲಿ ಇವುಗಳಲ್ಲಿ ಎರಡು ಇವೆ. ಹಾಗಾಗಿ ನಿಮ್ಮ ಮಿತಿ 20 ಲಕ್ಷ. ನಮ್ಮ ಕಡೆ ಬೀಡಿ ಇಲ್ಲದ ಗೂಡಂಗಡಿ, ಫ್ರೀಜರ್ ಇಲ್ಲದ ಜೀನಸು ಅಂಗಡಿ ಹುಡುಕಿದರೂ ಸಿಗುವುದು ಕಷ್ಟ. ಅದಕ್ಕೇ ಕರಾವಳಿಯಲ್ಲಿ ಈ ವಿಷಯದಲ್ಲಿ ಬಹಳ ಜನ ಎಡವುತ್ತಾರೆ.

ನಿಮ್ಮ ಲೆಕ್ಕ ಹೀಗಾಗುತ್ತದೆ. ದಿನಕ್ಕೆ 11,000, ವರ್ಷಕ್ಕೆ 340 ದಿನ ಬಾಗಿಲು ತೆರೆದರೆ 37,40,000 ರೂ. ಹಾಲು, ತರಕಾರಿ, ತೆಂಗಿನಕಾಯಿಗೆ ತೆರಿಗೆ ಇಲ್ಲ, ಅದನ್ನು ಬಿಡಬಹುದಲ್ಲ ಅಂತ ನೀವು ಕೇಳಬಹುದು. ನೋಂದಣಿ ಬೇಕೋ ಬೇಡವೋ ಎಂದು ನೋಡುವಾಗ ಬಿಡುವ ಹಾಗಿಲ್ಲ. ಒಂದು ಪಾನ್ ನಂಬರಿನಡಿ ನಡೆಯುವ ಎಲ್ಲ ಮಾರಾಟವನ್ನೂ, ತೆರಿಗೆ ಇರಲಿ ಇಲ್ಲದಿರಲಿ, ಒಟ್ಟು ಸೇರಿಸಬೇಕು. ಉಡುಪಿಯಲ್ಲಿ ಇನ್ನೊಂದು ಅಂಗಡಿ ಇದ್ದರೆ ಅದೂ ಸೇರುತ್ತದೆ. ಏಪ್ರಿಲ್ 1ರಿಂದ ಎಣಿಸಿದರೆ ನಿಮ್ಮ ಮಾರಾಟ ಅಕ್ಟೋಬರ್ ಎರಡನೇ ವಾರದ ಹೊತ್ತಿಗೆ 20 ಲಕ್ಷ ಮುಟ್ಟುತ್ತದೆ. ದಾಟಿದ ದಿನದಿಂದ 30 ದಿನದೊಳಗೆ ಅರ್ಜಿ ಹಾಕಬೇಕು. ಹಿಂದಿನ ವರ್ಷವೇ ದಾಟಿದ್ದರೆ ಕಾಯುವುದರಲ್ಲಿ ಅರ್ಥವಿಲ್ಲ. ಕಡಿಮೆ ದರದ ಪದ್ಧತಿ (ಅದರ ವಿವರ ಮುಂದೆ ಇದೆ) ಸಿಗುವುದು ನೋಂದಣಿ ಆದ ಮೇಲಿನ ದಿನಗಳಿಗೆ ಮಾತ್ರ. ನೋಂದಣಿ ಇಲ್ಲದ ಅವಧಿಗೆ ಆಯಾ ಸರಕಿನ ಪೂರ್ತಿ ದರ, ಮೇಲೆ ವರ್ಷಕ್ಕೆ ಶೇ 18ರ ಬಡ್ಡಿ.

ಬರೀ ತೆರಿಗೆ ಇಲ್ಲದ ಸರಕನ್ನೇ ಮಾರುವವರಿಗೆ ನೋಂದಣಿಯೇ ಬೇಡ. ಮಲ್ಪೆಯಲ್ಲಿ ಹಸಿಮೀನು ಮಾರುವವರಿಗೆ, ಶಂಕರಪುರದ ಮಲ್ಲಿಗೆ ಮಾರುವವರಿಗೆ, ತರಕಾರಿ ಗಾಡಿಯವರಿಗೆ ವರ್ಷಕ್ಕೆ 50 ಲಕ್ಷ ಯುಪಿಐಯಲ್ಲಿ ಬಂದರೂ ಚಿಂತೆ ಇಲ್ಲ. ಆದರೆ ಹಸಿಮೀನಿನ ಜತೆ ತೆರಿಗೆ ಇರುವ ಒಂದು ಉಪ್ಪಿನಕಾಯಿ ಬಾಟ್ಲಿ ಇಟ್ಟರೂ "ಬರೀ" ಎಂಬ ಮಾತು ಹೋಯಿತು, ಅಲ್ಲಿಂದ ಒಟ್ಟು ವಹಿವಾಟಿನ ಲೆಕ್ಕ ಶುರು. ಸ್ವಂತ ತೋಟದ ಅಡಿಕೆ, ತೆಂಗು ಮಾರುವ ಕೃಷಿಕರಿಗೂ ಆ ಮಾರಾಟಕ್ಕೆ ನೋಂದಣಿ ಬೇಕಿಲ್ಲ. ಮಂಗಳೂರಿನ ದಕ್ಷಿಣಕ್ಕೆ ಅಂಗಡಿ ಇರುವವರು ಒಂದು ವಿಷಯ ನೆನಪಿಡಿ: ತೆರಿಗೆ ಇರುವ ಸರಕನ್ನು ನಿಮ್ಮ ಗಾಡಿಯಲ್ಲಿ ತಲಪಾಡಿ ದಾಟಿಸಿ ಕೇರಳದ ಮಂಜೇಶ್ವರದ ಗಿರಾಕಿಗೆ ತಲುಪಿಸಿದರೆ ಅದು ಅಂತರರಾಜ್ಯ ವ್ಯಾಪಾರ. ಅಲ್ಲಿ 20 ಇಲ್ಲ, 40 ಇಲ್ಲ, ಮೊದಲ ರೂಪಾಯಿಯಿಂದಲೇ ನೋಂದಣಿ.

ನೋಂದಣಿ ಅಂದ ಕೂಡಲೇ ಶೇ 18 ಕಟ್ಟಬೇಕು ಅಂತ ಎದೆ ಧಸಕ್ಕೆನ್ನುವುದು ಸಹಜ. ವರ್ಷಕ್ಕೆ 1.5 ಕೋಟಿವರೆಗೆ ವಹಿವಾಟು ಇರುವವರಿಗೆ ಕಾಂಪೊಸಿಷನ್ ಎಂಬ ಕಡಿಮೆ ದರದ ಪದ್ಧತಿ ಇದೆ, ಹೊಸಬರು ನೋಂದಣಿ ಅರ್ಜಿಯಲ್ಲೇ ಅದನ್ನು ಆರಿಸಿಕೊಳ್ಳಬಹುದು. ಐಸ್‌ಕ್ರೀಮ್, ತಂಬಾಕು *ತಯಾರಿಸುವವರಿಗೆ* ಇದು ಸಿಗುವುದಿಲ್ಲ, ಮಾರುವ ಅಂಗಡಿಗೆ ಸಿಗುತ್ತದೆ. ವ್ಯಾಪಾರಿಗೆ ದರ ಶೇ 1, ಅದೂ ತೆರಿಗೆ ಇರುವ ಸರಕಿನ ಮಾರಾಟದ ಮೇಲೆ ಮಾತ್ರ. ನಿಮ್ಮಲ್ಲಿ ಹಾಲು, ತರಕಾರಿ, ತೆಂಗಿನಕಾಯಿ, ಚೀಲ ಬಿಚ್ಚಿ ತೂಗಿ ಕೊಡುವ ಕುಚ್ಚಲಕ್ಕಿ ಸೇರಿ ದಿನಕ್ಕೆ 4,500 ರೂ. ಇದೆ ಅಂತ ಇಟ್ಟುಕೊಳ್ಳಿ. ಉಳಿದ 6,500ಕ್ಕೆ ತೆರಿಗೆ. ವರ್ಷಕ್ಕೆ 22,10,000, ಅದರ ಶೇ 1 ಎಂದರೆ 22,100 ರೂ. ಬಾಗಿಲು ತೆರೆದ ದಿನಕ್ಕೆ 65 ರೂಪಾಯಿ. ಅಕ್ಕಿಯಲ್ಲಿ ಸ್ವಲ್ಪ ಜಾಗ್ರತೆ ಬೇಕು: ಲೇಬಲ್ ಇರುವ 25 ಕಿಲೋ ಮತ್ತು ಅದಕ್ಕಿಂತ ಚಿಕ್ಕ ಪ್ಯಾಕಿಗೆ ತೆರಿಗೆ ಇದೆ, 50 ಕಿಲೋ ಮೂಟೆಗೆ ಇಲ್ಲ.

ಈ 65 ರೂಪಾಯಿ ನಿಮ್ಮ ಕೈಯಿಂದ ಹೋಗಬೇಕು, ಗಿರಾಕಿಯಿಂದ ತೆರಿಗೆ ಅಂತ ವಸೂಲಿ ಮಾಡುವ ಹಾಗಿಲ್ಲ. ಖರೀದಿಯಲ್ಲಿ ಕೊಟ್ಟ ತೆರಿಗೆಯೂ ವಾಪಸು ಸಿಗುವುದಿಲ್ಲ. ಬೋರ್ಡಿನಲ್ಲೂ ಬಿಲ್ಲಿನಲ್ಲೂ ಕಾಂಪೊಸಿಷನ್ ವ್ಯಾಪಾರಿ ಎಂದು ಬರೆಸಬೇಕು. ಮೂರು ತಿಂಗಳಿಗೊಮ್ಮೆ ಸಿಎಂಪಿ-08 ಎಂಬ ನಮೂನೆ ತುಂಬಿ ಹಣ ಕಟ್ಟಬೇಕು, ಗಡುವು ಜುಲೈ, ಅಕ್ಟೋಬರ್, ಜನವರಿ, ಏಪ್ರಿಲ್ ತಿಂಗಳ 18. ವರ್ಷಕ್ಕೊಂದು ರಿಟರ್ನ್, ಜಿಎಸ್‌ಟಿಆರ್-4, ಜೂನ್ 30ರೊಳಗೆ. ವ್ಯಾಪಾರ ಸೊನ್ನೆ ಇದ್ದರೂ ತುಂಬಬೇಕು.

ಚಹಾ, ಗೋಳಿಬಜೆ, ಬನ್ಸ್ ಮಾರುವ ಹೋಟೆಲಿನವರು ಇದೇ ದಾರಿ ಕಣ್ಣುಮುಚ್ಚಿ ಹಿಡಿಯಬಾರದು. ಹೋಟೆಲು ಸೇವೆಯ ಲೆಕ್ಕಕ್ಕೆ ಬರುತ್ತದೆ, ಮಿತಿ 20 ಲಕ್ಷ, ಕಾಂಪೊಸಿಷನ್ ದರ ಶೇ 5. ಸಾಮಾನ್ಯ ನೋಂದಣಿಯಲ್ಲೂ ಸಣ್ಣ ಹೋಟೆಲಿಗೆ ಅದೇ ಶೇ 5, ಆದರೆ ಅದನ್ನು ಬಿಲ್ಲಿನಲ್ಲಿ ಹಾಕಿ ಗಿರಾಕಿಯಿಂದ ಪಡೆಯಬಹುದು. ಕಾಂಪೊಸಿಷನ್‌ನಲ್ಲಿ ಪೇಪರ್ ಕೆಲಸ ಕಡಿಮೆ, ಆದರೆ 27 ಲಕ್ಷದ ವ್ಯಾಪಾರಕ್ಕೆ 1,35,000 ರೂ. ನಿಮ್ಮ ಲಾಭದಿಂದಲೇ ಹೋಗುತ್ತದೆ. ಹತ್ತು ರೂಪಾಯಿಯ ಚಹಾಕ್ಕೆ ಐವತ್ತು ಪೈಸೆ ತೆರಿಗೆ ಕೇಳಲು ಬಾಯಿ ಬರುತ್ತದೋ ಎಂಬುದನ್ನೂ ಯೋಚಿಸಿ ನಿರ್ಧರಿಸಿ.

ಯುಪಿಐ ಇಟ್ಟುಕೊಳ್ಳುವುದರಿಂದ ಆದಾಯ ತೆರಿಗೆಯಲ್ಲಿ ಲಾಭವೂ ಇದೆ. ಪೂರ್ತಿ ಲೆಕ್ಕಪತ್ರ ಇಡದೆ ಅಂದಾಜು ಲಾಭ ತೋರಿಸುವ ಸಣ್ಣ ವ್ಯಾಪಾರಿಗೆ ನಗದಿನ ಮೇಲೆ ಶೇ 8, ಬ್ಯಾಂಕು ಅಥವಾ ಯುಪಿಐ ಮೂಲಕ ಬಂದದ್ದಕ್ಕೆ ಶೇ 6. ನಿಮ್ಮ ಈಗಿನ ಲೆಕ್ಕದಲ್ಲಿ ಅಂದಾಜು ಲಾಭ 2,51,600 ರೂ., ಎಲ್ಲವನ್ನೂ ನಗದು ಮಾಡಿಕೊಂಡರೆ 2,99,200.

ಈಗ ಮಾಡಬೇಕಾದ ಕೆಲಸಕ್ಕೆ ಬನ್ನಿ. ನೋಟಿಸು ಬಂದವರಲ್ಲಿ ಕೆಲವರು ಸಿಕ್ಕಿಬಿದ್ದದ್ದು ತೆರಿಗೆ ಕದ್ದು ಅಲ್ಲ, ಮನೆ ಮತ್ತು ಅಂಗಡಿಯನ್ನು ಒಂದೇ ಖಾತೆಯಲ್ಲಿ ಬೆರೆಸಿ. ದುಬೈಯಿಂದ ಮಗ ಕಳುಹಿಸಿದ 40,000, ಚಿಟ್ ಫಂಡ್ ಎತ್ತಿದ ದುಡ್ಡು, ಭಾವ ತಿರುಗಿ ಕೊಟ್ಟ ಕೈಸಾಲ, ಎಲ್ಲ ಒಂದೇ ಕಡೆ ಬೀಳುತ್ತದೆ. ಇನ್ನೊಂದು ಯಾರೂ ಲೆಕ್ಕಕ್ಕೆ ಹಿಡಿಯದ್ದು: ಪಕ್ಕದ ಮನೆಯವರು ಬಂದು "ಗೂಗಲ್ ಪೇ ಮಾಡ್ತೇನೆ, ಒಂದು ಎರಡು ಸಾವಿರ ಕ್ಯಾಶ್ ಕೊಡಿ ಮಾರಾಯ್ರೆ" ಅನ್ನುತ್ತಾರೆ. ನೀವು ಉಪಕಾರ ಮಾಡುತ್ತೀರಿ. ಇಲಾಖೆಯ ಹಾಳೆಯಲ್ಲಿ ಅದು 2,000 ರೂ. ಮಾರಾಟ.

ಹಾಗಾಗಿ ಅಂಗಡಿಗೆ ಬೇರೆಯೇ ಒಂದು ಖಾತೆ ತೆರೆದು, ಅಂಗಡಿ ಹೆಸರಿನ ವ್ಯಾಪಾರಿ ಕ್ಯೂಆರ್ ಅದಕ್ಕೆ ಜೋಡಿಸಿ. ಸ್ವಂತ ಮೊಬೈಲ್ ನಂಬರಿನ ಕ್ಯೂಆರ್ ಕಿತ್ತು ಮನೆಗೆ ಒಯ್ಯಿರಿ. 200 ಪುಟದ ಒಂದು ಪುಸ್ತಕ ತಂದು ದಿನಕ್ಕೆ ಒಂದು ಸಾಲು ಬರೆಯಿರಿ: ತಾರೀಕು, ಯುಪಿಐ, ನಗದು, ಅದರಲ್ಲಿ ತೆರಿಗೆ ಇಲ್ಲದ ಸರಕು ಎಷ್ಟು, ಇರುವುದು ಎಷ್ಟು. ಮಾರಾಟವಲ್ಲದ ಜಮೆ ಬಂದರೆ ಅದೇ ದಿನ ಕೆಂಪು ಪೆನ್ನಿನಲ್ಲಿ ಯಾರು, ಯಾಕೆ ಎಂದು ಬರೆಯಿರಿ. ಆರು ತಿಂಗಳ ಮೇಲೆ ಯಾರಿಗೂ ನೆನಪಿರುವುದಿಲ್ಲ. ಹಾಲು, ತರಕಾರಿ ಖರೀದಿಯ ಚೀಟಿಗಳನ್ನು ಎಸೆಯಬೇಡಿ. ನೀವು ಮಾರಿದ್ದು ತೆರಿಗೆ ಇಲ್ಲದ ಸರಕು ಎನ್ನುವುದಕ್ಕೆ ಅವೇ ಸಾಕ್ಷಿ.

ಇಲ್ಲಿ ಸರ್ಕಾರಕ್ಕೂ ಹೇಳಬೇಕಾದ ಮಾತಿದೆ. ಉಡುಪಿಯಲ್ಲಿ 1925ರಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕ್ 1928ರಲ್ಲಿ ಪಿಗ್ಮಿ ಶುರು ಮಾಡಿದಾಗ, ಏಜೆಂಟರು ಮನೆಬಾಗಿಲಿಗೆ ಬಂದು ದಿನಕ್ಕೆ ಎರಡಾಣೆಯನ್ನೂ ಬರೆದುಕೊಂಡು ಹೋದರು. ಲೆಕ್ಕ ಬರೆದವನು ತನ್ನ ಪರ ಇದ್ದಾನೆ ಎಂಬ ನಂಬಿಕೆಯಿಂದ ಜನ ಕೊಟ್ಟರು. ಯುಪಿಐಯನ್ನೂ ಸರ್ಕಾರವೇ ಪ್ರಚಾರ ಮಾಡಿ, 2020ರ ಜನವರಿಯಿಂದ ವ್ಯಾಪಾರಿಗೆ ಶುಲ್ಕವೇ ಇಲ್ಲದಂತೆ ಮಾಡಿ ಅಂಗಡಿಗಳಿಗೆ ತಲುಪಿಸಿತು. ಆ ದತ್ತಾಂಶವನ್ನು ನಾಲ್ಕು ವರ್ಷ ಒಟ್ಟು ಹಾಕಿ ಒಂದೇ ಸಲ ಬಿಲ್ಲು ಕಳುಹಿಸಿದ್ದು ತಪ್ಪು. ಜಮೆ 15 ಲಕ್ಷ ಮುಟ್ಟಿದಾಗಲೇ "ನೀವು ಮಿತಿಯ ಹತ್ತಿರ ಇದ್ದೀರಿ, ಏನು ಮಾರುತ್ತೀರಿ ತಿಳಿಸಿ" ಎಂದು ಕನ್ನಡದಲ್ಲಿ ಒಂದು ಎಸ್ಸೆಮ್ಮೆಸ್ ಕಳುಹಿಸುವುದು ಅದೇ ತಂತ್ರಜ್ಞಾನಕ್ಕೆ ಕಷ್ಟವಲ್ಲ. 20 ಲಕ್ಷದ ಮಿತಿಯೂ 2017ರಲ್ಲಿ ಇದ್ದಲ್ಲೇ ಇದೆ, ಸರಕಿನ ಬೆಲೆ ಮಾತ್ರ ಇದ್ದಲ್ಲಿ ಇಲ್ಲ. ಒಂದು ಫ್ರೀಜರ್ ಇಟ್ಟ ಕಾರಣಕ್ಕೆ ಅಂಗಡಿಯ ಮಿತಿ ಅರ್ಧಕ್ಕೆ ಇಳಿಯುವ ನಿಯಮವನ್ನು ಸಣ್ಣ ಮಾರಾಟಗಾರರ ಮಟ್ಟಿಗಾದರೂ ತೆಗೆಯಬೇಕು.

ನೋಂದಣಿಗೆ ಸರ್ಕಾರಿ ಶುಲ್ಕ ಇಲ್ಲ. ಜಿಎಸ್‌ಟಿ ಪೋರ್ಟಲ್‌ನಲ್ಲಿ ಆರ್‌ಇಜಿ-01 ಅರ್ಜಿ. ಪಾನ್, ಆಧಾರ್, ಫೋಟೊ, ಅಂಗಡಿ ಜಾಗದ ದಾಖಲೆ ಬೇಕು. ಅರ್ಜಿ ನಿಲ್ಲುವುದು ಹೆಚ್ಚಾಗಿ ಜಾಗದ ದಾಖಲೆಯಲ್ಲಿ. ಕರೆಂಟ್ ಬಿಲ್ಲು ತೀರಿಹೋದ ತಂದೆಯವರ ಹೆಸರಿನಲ್ಲಿ, ಜಾಗ ಕುಟುಂಬದ ಹೆಸರಿನಲ್ಲಿ ಇರುತ್ತದೆ. ಹಾಗಿದ್ದರೆ ಪಂಚಾಯತ್ ತೆರಿಗೆ ರಶೀದಿಯ ಜತೆ ಈಗಿನ ಹಕ್ಕುದಾರರ ಒಪ್ಪಿಗೆ ಪತ್ರ ಸೇರಿಸಿ. ಬಾಡಿಗೆಯಾದರೆ ಕರಾರು ಪತ್ರ ಮತ್ತು ಮಾಲಿಕರ ಕರೆಂಟ್ ಬಿಲ್ಲು. ಪಾನ್‌ನಲ್ಲಿ ಇನಿಷಿಯಲ್ ಮೊದಲು, ಆಧಾರ್‌ನಲ್ಲಿ ಕೊನೆಗೆ ಇದ್ದರೆ ಅರ್ಜಿಗೆ ಮೊದಲೇ ಸರಿಪಡಿಸಿಕೊಳ್ಳಿ.

ಅಷ್ಟರಲ್ಲಿ ನೋಟಿಸು ಬಂದರೆ ಮಡಚಿ ದೇವರ ಫೋಟೊದ ಹಿಂದೆ ಇಡಬೇಡಿ. ನೋಂದಣಿ ಇಲ್ಲದವರಿಗೆ ತೆರಿಗೆ ನಿಗದಿ ಮಾಡುವ ನೋಟಿಸು ಎಎಸ್‌ಎಂಟಿ-14 ನಮೂನೆಯಲ್ಲಿ ಬರುತ್ತದೆ, ಉತ್ತರಕ್ಕೆ 15 ದಿನ ಸಮಯ. ಸುಮ್ಮನಿದ್ದರೆ ಅಧಿಕಾರಿ ತಮ್ಮ ಅಂದಾಜಿನಲ್ಲೇ ಆದೇಶ ಬರೆಯಬಹುದು. ವರ್ಷವಾರು ಒಂದು ಹಾಳೆ ಮಾಡಿ: ಒಟ್ಟು ಜಮೆ, ಅದರಿಂದ ಮಾರಾಟವಲ್ಲದ್ದು ಕಳೆದು, ಉಳಿದದ್ದರಲ್ಲಿ ತೆರಿಗೆ ಇಲ್ಲದ ಸರಕು ಎಷ್ಟು ಎಂದು ತೋರಿಸಿ, ಬ್ಯಾಂಕ್ ಹಾಳೆ ಮತ್ತು ಖರೀದಿ ಚೀಟಿಗಳ ಪ್ರತಿ ಲಗತ್ತಿಸಿ. ಎರಡು ಪ್ರತಿ ಒಯ್ದು, ಒಂದನ್ನು ಕಚೇರಿಯಲ್ಲಿ ಕೊಟ್ಟು, ಇನ್ನೊಂದರ ಮೇಲೆ ತಾರೀಕು ಸಹಿತ ಸೀಲು ಹಾಕಿಸಿಕೊಂಡು ಬನ್ನಿ.