ಎಷ್ಟು ದಿನ ಈ ‘ಲೀವು’?

ಗಲ್ಫಿನಲ್ಲಿ ಕೆಲಸ ಕಳಕೊಂಡು ಊರಿಗೆ ಬಂದವರು ಹೆಚ್ಚಾಗಿ ಹೇಳುವುದು ಒಂದೇ ಮಾತು: ‘ಲೀವಿನಲ್ಲಿ ಬಂದದ್ದು.’ ಎರಡು ತಿಂಗಳಾದರೂ ಲೀವು, ನಾಲ್ಕು ತಿಂಗಳಾದರೂ ಲೀವು. ಕಾಸರಗೋಡು ಜಿಲ್ಲೆಯ ಕುಂಬಳೆ, ಉಪ್ಪಳ, ಬದಿಯಡ್ಕ ಕಡೆಯಿಂದ ನನ್ನಲ್ಲಿಗೆ ಕೌನ್ಸೆಲಿಂಗಿಗೆ ಬರುವವರೂ ಮೊದಲ ದಿನ ನಿದ್ದೆ ಇಲ್ಲ, ಗ್ಯಾಸ್ಟ್ರಿಕ್ ಅಂತಲೇ ಶುರುಮಾಡುತ್ತಾರೆ. ಕೆಲಸದ ವಿಷಯ ಹೊರಗೆ ಬರುವಾಗ ಎರಡನೆಯ ಭೇಟಿ ಆಗಿರುತ್ತದೆ. ಮನೆಯಲ್ಲಿ ಯಾಕೆ ಹೇಳಲಿಲ್ಲ ಎಂದರೆ, ‘ನಾನು ಪಾಸಿಟಿವ್ ಆಗಿದ್ದೇನೆ ಮೇಡಂ, ಅವರ ತಲೆ ಯಾಕೆ ಬಿಸಿ ಮಾಡುವುದು?’

ಈ ಉತ್ತರ ಕೇಳಿ ಕೇಳಿ ನನಗೆ ಈಗ ಸಿಟ್ಟೇ ಬರುತ್ತದೆ. ಮುಂದೆ ಸರಿಹೋಗುತ್ತದೆ ಎಂಬ ನಂಬಿಕೆ ಬೇರೆ, ಏನೂ ಆಗಿಲ್ಲ ಎಂಬ ನಾಟಕ ಬೇರೆ. ನಂಬಿಕೆ ಇದ್ದವನು ಬಯೋಡೇಟಾ ಸರಿಮಾಡುತ್ತಾನೆ, ಹಳೆಯ ಸೂಪರ್‌ವೈಸರಿಗೆ ಫೋನ್ ಮಾಡುತ್ತಾನೆ, ಖರ್ಚು ಇಳಿಸುತ್ತಾನೆ. ನಾಟಕ ಆಡುವವನಿಗೆ ಇದರಲ್ಲಿ ಒಂದೂ ಆಗುವುದಿಲ್ಲ. ಲೀವಿನಲ್ಲಿ ಬಂದವನು ಊರಲ್ಲಿ ಕೆಲಸ ಉಂಟಾ ಅಂತ ಯಾರಲ್ಲಿ ಕೇಳುವುದು? ಮದುವೆಯ ಕವರಿನಲ್ಲಿ ಕಡಿಮೆ ಹಾಕುವ ಹಾಗಿಲ್ಲ, ಮೀನು ತರುವಾಗ ಕ್ರಯ ಕೇಳುವ ಹಾಗಿಲ್ಲ. ಮನಸ್ಸು ಗಟ್ಟಿ ಇಟ್ಟುಕೊಳ್ಳಲು ಬೇಕಾದ ಶಕ್ತಿಯೆಲ್ಲ ಮುಖ ನಗಿಸಿಟ್ಟುಕೊಳ್ಳುವುದಕ್ಕೇ ಮುಗಿಯುತ್ತದೆ.

ಒಬ್ಬರ ಕತೆ ಹೇಳುತ್ತೇನೆ, ಗುರುತು ಸಿಗದ ಹಾಗೆ ವಿವರ ಬದಲಿಸಿದ್ದೇನೆ. ಶಾರ್ಜಾದಲ್ಲಿ ಸ್ಟೋರ್ ಕೀಪರ್ ಆಗಿದ್ದವರು. ಬಂದ ವಾರದಲ್ಲೇ ದೇವಸ್ಥಾನದ ಬ್ರಹ್ಮಕಲಶದ ಸಮಿತಿಯವರು ರಶೀದಿ ಪುಸ್ತಕ ಹಿಡಿದು ಮನೆಗೆ ಬಂದರು. ಗಲ್ಫಿನವರು ಎಂದ ಮೇಲೆ ಐನೂರು ಬರೆಸಲಿಕ್ಕೆ ಆಗುತ್ತದಾ? ಇಪ್ಪತ್ತೈದು ಸಾವಿರ ಬರೆಸಿದರು, ಗೆಳೆಯನಿಂದ ಸಾಲ ತೆಗೆದು ಅರ್ಧ ಕೊಟ್ಟೂ ಆಯಿತು. ಕೊನೆಗೆ ನನ್ನ ಒತ್ತಾಯಕ್ಕೆ ಹೆಂಡತಿಯನ್ನು ಕರಕೊಂಡು ಬಂದರು. ಇವರು ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಆಕೆಯೇ ಹೇಳಿದರು: ‘ನನಗೆ ಗೊತ್ತುಂಟು ಮೇಡಂ. ಲೀವಿನಲ್ಲಿ ಬರುವವರು ಕುಕ್ಕರು, ಇಸ್ತ್ರಿಪೆಟ್ಟಿಗೆ ಎಲ್ಲ ಕಟ್ಟಿಕೊಂಡು ಬರುತ್ತಾರಾ? ಅವರಾಗಿ ಹೇಳಲಿ ಅಂತ ಕಾದದ್ದು.’ ಅಷ್ಟರಲ್ಲಿ ಆಕೆ ಕೇರಳದ ಹೆಂಗಸರ ಸ್ವಸಹಾಯ ಸಂಘವಾದ ಕುಟುಂಬಶ್ರೀಯಲ್ಲಿ ಸಾಲ ಸಿಗುತ್ತದಾ ಅಂತ ಗುಟ್ಟಾಗಿ ವಿಚಾರಿಸಿಯೂ ಆಗಿತ್ತು. ಒಂದೇ ಮನೆಯೊಳಗೆ ಎರಡು ಗುಟ್ಟು, ಎರಡು ಕಡೆ ಸಾಲದ ಓಡಾಟ!

ಕೆಲಸ ಹೋದಾಗ ಹೋಗುವುದು ಸಂಬಳ ಮಾತ್ರ ಅಲ್ಲ. 1930ರ ದಶಕದ ಆರಂಭದಲ್ಲಿ ಆಸ್ಟ್ರಿಯಾದ ಮರಿಯೆಂತಾಲ್ ಎಂಬ ಸಣ್ಣ ಊರಿನ ಗಿರಣಿ ಮುಚ್ಚಿದ ಮೇಲೆ ಸಮಾಜ ಮನಶ್ಶಾಸ್ತ್ರಜ್ಞೆ ಮರಿ ಯಹೋಡಾ ಮತ್ತು ಸಂಗಡಿಗರು ಅಲ್ಲಿನ ಜನರನ್ನು ಹತ್ತಿರದಿಂದ ನೋಡಿದರು. ಬೇಕಾದಷ್ಟು ಸಮಯ ಇದ್ದರೂ ಗ್ರಂಥಾಲಯದಿಂದ ಪುಸ್ತಕ ಒಯ್ಯುವುದು ಕಡಿಮೆಯಾಗಿತ್ತು. ಗಂಡಸರು ಬೀದಿಯಲ್ಲಿ ನಿಂತು ನಿಂತು, ಹೆಂಗಸರಿಗಿಂತ ನಿಧಾನವಾಗಿ ನಡೆಯುತ್ತಿದ್ದರು. ಹೆಂಗಸರಿಗೆ ಮನೆಗೆಲಸ ತಪ್ಪಿರಲಿಲ್ಲವಲ್ಲ! ಹೊತ್ತಿಗೆ ಸರಿಯಾಗಿ ಏಳಲು ಒಂದು ಕಾರಣ, ದಿನವೂ ಮಾತಾಡಲು ನಾಲ್ಕು ಜನ, ಇವೆರಡೂ ಕೆಲಸದ ಜೊತೆಗೇ ಹೋಗುತ್ತವೆ. ಗುಟ್ಟು ಮಾಡುವವನು ಉಳಿದ ಜನರನ್ನೂ ತಾನಾಗಿಯೇ ದೂರ ಮಾಡಿಕೊಳ್ಳುತ್ತಾನೆ.

ಗುಟ್ಟಿನಿಂದ ಹಣದ ನಷ್ಟವೂ ಉಂಟು. ಕನಿಷ್ಠ ಎರಡು ವರ್ಷ ಹೊರದೇಶದಲ್ಲಿ ದುಡಿದು ಮರಳಿದವರಿಗೆ ನೋರ್ಕಾ ರೂಟ್ಸಿನ (ಅನಿವಾಸಿ ಕೇರಳೀಯರಿಗಾಗಿ ಇರುವ ಕೇರಳ ಸರಕಾರದ ಸಂಸ್ಥೆ) ಯೋಜನೆಯೊಂದಿದೆ: 30 ಲಕ್ಷ ರೂಪಾಯಿವರೆಗಿನ ಸ್ವಂತ ಉದ್ಯೋಗದ ಯೋಜನೆಗೆ ಬ್ಯಾಂಕ್ ಸಾಲ, ಅದಕ್ಕೆ ಶೇ. 15 ಸಬ್ಸಿಡಿ, ಹೆಚ್ಚೆಂದರೆ 3 ಲಕ್ಷ. ಸಾಲ ಕೊಡುವುದು ಬಿಡುವುದು ಬ್ಯಾಂಕಿನವರ ತೀರ್ಮಾನ, ನಿಯಮವೂ ಬದಲಾಗಬಹುದು, ಕಚೇರಿಯಲ್ಲೇ ಕೇಳಿ. ಬಂದ ಮೊದಲ ತಿಂಗಳಲ್ಲೇ ಸಾಲಕ್ಕೆ ಓಡಿ ಎಂದೂ ನಾನು ಹೇಳುತ್ತಿಲ್ಲ. ಆದರೆ ಮರಳಿ ಬಂದದ್ದು ಹೌದು ಎಂದು ಒಪ್ಪದವನು ಅರ್ಜಿಯಲ್ಲಿ ಏನೆಂದು ಬರೆಯುವುದು?

ಮನೆಯಲ್ಲಿ ಹೇಳುವಾಗ ಲೆಕ್ಕ ಸಮೇತ ಹೇಳಿ: ಕೈಯಲ್ಲಿ ಎಷ್ಟುಂಟು, ಎಷ್ಟು ತಿಂಗಳಿಗೆ ಸಾಕು, ಯಾವ ಸಾಲ ಬಾಕಿ. ಕುಡಿತ, ಹೊಡೆತ ಇರುವ ಮನೆಯಾದರೆ ಮೊದಲು ನಂಬಿಕೆಯ ಒಬ್ಬರಿಗೆ, ಅಣ್ಣನಿಗೋ ಅತ್ತಿಗೆಗೋ ಹೇಳುವುದು ಒಳ್ಳೆಯದು. ಊರಿನವರಿಗೆಲ್ಲ ಡಂಗುರ ಸಾರಬೇಕಾಗಿಲ್ಲ. ನಮ್ಮ ಸ್ಟೋರ್ ಕೀಪರ್ ಸಮಿತಿಯ ಖಜಾಂಚಿಯ ಹತ್ತಿರ ಮಾತ್ರ ವಿಷಯ ಹೇಳಿದರು. ಬಾಕಿ ಹಣ ಬೇಡ, ಉಗ್ರಾಣ ನೋಡಿಕೊಳ್ಳಿ ಮಾರಾಯ್ರೆ ಅಂದರಂತೆ ಆ ಮನುಷ್ಯ. ಕೆಲಸ ಇನ್ನೂ ಸಿಕ್ಕಿಲ್ಲ. ರಾತ್ರಿ ಒಂದಿಷ್ಟು ನಿದ್ದೆ ಬರುತ್ತದೆ ಅನ್ನುತ್ತಾರೆ.

ಇನ್ನು, ಮದುವೆಮನೆಯಲ್ಲಿ ಕೈತೊಳೆಯುವ ಜಾಗದಲ್ಲೂ ಹಿಡಿದು ನಿಲ್ಲಿಸಿ ‘ಹೋಗುವುದು ಯಾವಾಗ?’ ಎಂದು ಕೇಳುವ ಮಾವಂದಿರೇ, ದಯವಿಟ್ಟು ಅದೊಂದು ಬಿಡಿ.

ಎರಡು ವಾರ ದಾಟಿದರೂ ನಿದ್ದೆ, ಹಸಿವು ಸರಿಯಾಗದಿದ್ದರೆ ಡಾಕ್ಟರನ್ನು ನೋಡಿ. ಬದುಕುವುದೇ ಬೇಡ ಎಂಬ ಯೋಚನೆ ಬಂದರೆ ಎರಡು ವಾರ ಕಾಯುವುದೂ ಬೇಡ. ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, ಸಂಖ್ಯೆ 14416, ರಾತ್ರಿಯೂ ಎತ್ತುತ್ತಾರೆ, ದುಡ್ಡು ಇಲ್ಲ.